ಭರತಪುರಕ್ಕೆ ಹೊರಟಿರಾ? ಮೊದಲು ನೀರು ವಿಚಾರಿಸಿ

ನಾಗರಹೊಳೆಯಲ್ಲೋ ಬಂಡೀಪುರದಲ್ಲೋ ಸಫಾರಿ ಮಾಡಿದವರಿಗೆ ಗೊತ್ತು, ವಾಹನದಿಂದ ಕಾಲು ಕೆಳಗಿಡುವಂತಿಲ್ಲ. ಹಕ್ಕಿಗಳಿಗೆ ಹೆಸರಾದ, ರಾಜಸ್ಥಾನದ ಭರತಪುರದಲ್ಲಿರುವ ಕೇವಲಾದೇವ ರಾಷ್ಟ್ರೀಯ ಉದ್ಯಾನದ ಲೆಕ್ಕವೇ ಬೇರೆ. ಸುಮಾರು 29 ಚದರ ಕಿಲೊಮೀಟರ್‌ನ ಈ ಪುಟ್ಟ ಉದ್ಯಾನದ ದಾರಿಗಳಲ್ಲಿ ನಡೆಯಬಹುದು, ಬೈಸಿಕಲ್ ತುಳಿಯಬಹುದು.

ರೈಲು ಟಿಕೆಟ್ ಕಾಯ್ದಿರಿಸುವ ಮೊದಲೇ ಮಾಡಬೇಕಾದ ಕೆಲಸವೊಂದಿದೆ. ಈ ವರ್ಷ ಅಲ್ಲಿ ನೀರಿದೆಯೇ ಎಂದು ವಿಚಾರಿಸಿ. ಕೇವಲಾದೇವ ತಾನಾಗಿ ಹುಟ್ಟಿದ ಸರೋವರವಲ್ಲ. ಭರತಪುರದ ಅರಸರು ತಗ್ಗು ನೆಲಕ್ಕೆ ಏರಿ ಹಾಕಿಸಿ, ಅಜಾನ್ ಬಂಧ್ ಎಂಬ ಜಲಾಶಯದಿಂದ ನೀರು ಹರಿಸಿ, ಬಾತುಗಳ ಬೇಟೆಗೆಂದು ಮಾಡಿಸಿಕೊಂಡ ಜೌಗು ಅದು. ಇಂದಿಗೂ ತೂಬು ತೆರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಕೊರತೆ ತುಂಬಲು ಚಂಬಲ್ ನದಿಯ ನೀರನ್ನು ಕೊಳವೆಯಲ್ಲಿ ತರುವ ವ್ಯವಸ್ಥೆಯೂ ಇದೆ. ಬತ್ತಿದ ವರ್ಷ ಹೋದರೆ ಬಿರುಕು ಬಿಟ್ಟ ನೆಲವನ್ನೂ ನೀಲಗಾಯಿಗಳನ್ನೂ ನೋಡಿಕೊಂಡು ಬರಬೇಕಾಗುತ್ತದೆ. ಹೋಟೆಲಿಗೆ ಫೋನ್ ಮಾಡಿ ಕೇಳಿದರೆ ‘ಬನ್ನಿ ಬನ್ನಿ’ ಎಂದೇ ಹೇಳುತ್ತಾರೆ. ಅದರ ಬದಲು ಇತ್ತೀಚೆಗೆ ಹೋಗಿ ಬಂದವರ ಫೋಟೊ ನೋಡಿ. ಹಕ್ಕಿಯನ್ನಲ್ಲ, ಅದರ ಹಿಂದಿನ ನೀರನ್ನು ಗಮನಿಸಿ.

ಋತು ಯಾವುದು ಎಂಬುದು ನೀವು ಏನು ನೋಡಬೇಕೆಂದಿದ್ದೀರಿ ಎಂಬುದರ ಮೇಲಿದೆ. ನಮ್ಮ ಕೊಕ್ಕರೆ ಬೆಳ್ಳೂರಿನಲ್ಲಿ ಬೇಸಿಗೆಯ ಹೊತ್ತಿಗೆ ಮರಿ ಸಾಕುವ ಬಣ್ಣದ ಕೊಕ್ಕರೆ, ಇಲ್ಲಿ ಮಳೆಗಾಲ ಮುಗಿಯುವಷ್ಟರಲ್ಲೇ ಜಾಲಿ ಮರಗಳಲ್ಲಿ ಗೂಡು ಕಟ್ಟಿರುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೂ ಬರುವ ಪಟ್ಟೆತಲೆ ಹೆಬ್ಬಾತು, ಸೂಜಿಬಾಲದ ಬಾತು ಮೊದಲಾದ ವಲಸೆ ಹಕ್ಕಿಗಳು ಬೇಕೆಂದರೆ ನವೆಂಬರ್‌ನಿಂದ ಫೆಬ್ರುವರಿ. ಡಿಸೆಂಬರ್ ಕೊನೆ, ಜನವರಿ ಮೊದಲ ವಾರಗಳಲ್ಲಿ ಮಂಜು ದಟ್ಟವಾಗಿ ಕವಿಯುತ್ತದೆ. ಮೂರು ದಿನಕ್ಕೆ ಹೋದವರಿಗೆ ಒಂದು ದಿನ ಹಾಗೆಯೇ ಕಳೆಯಬಹುದು. ನನ್ನ ಆಯ್ಕೆ ಫೆಬ್ರುವರಿಯೇ.

ಭರತಪುರ ದೆಹಲಿ–ಮುಂಬೈ ರೈಲು ಮಾರ್ಗದಲ್ಲೇ ಇದೆ. ಆಗ್ರಾದಿಂದ ರಸ್ತೆಯಲ್ಲಿ ಸುಮಾರು 55 ಕಿ.ಮೀ.

ಗೇಟಿನಲ್ಲಿ ಬೈಸಿಕಲ್ ಬಾಡಿಗೆಗೆ ಸಿಗುತ್ತದೆ. ತೆಗೆದುಕೊಳ್ಳುವಾಗ ಬ್ರೇಕ್ ಒತ್ತಿ ನೋಡಿ, ಸೀಟು ಸರಿಮಾಡಿಸಿಕೊಳ್ಳಿ. ಹೊಸಬರಾದರೆ ಮೊದಲ ದಿನ ರಿಕ್ಷಾ ಹಿಡಿಯುವುದೇ ಲೇಸು. ಇಲ್ಲಿ ರಿಕ್ಷಾ ನಡೆಸುವವರಿಗೆ ಹಕ್ಕಿ ಗುರುತಿಸುವ ತರಬೇತಿ ಇದೆ. ಯಾವ ಮರದ ಪೊಟರೆಯಲ್ಲಿ ಗೂಬೆ ಮಲಗಿದೆ ಎಂಬುದನ್ನು ನಾವು ಗಂಟೆಗಟ್ಟಲೆ ಹುಡುಕಬೇಕು. ಅವರು ಕತ್ತು ಕೂಡ ತಿರುಗಿಸದೆ ಬೆರಳು ತೋರಿಸುತ್ತಾರೆ. ಎರಡನೇ ದಿನ ಅದೇ ದಾರಿಯಲ್ಲಿ ಒಬ್ಬರೇ ಬೈಸಿಕಲ್‌ನಲ್ಲಿ ಹೋಗಿ.

ಬೈನಾಕ್ಯುಲರ್ 8x42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ್ದು) ಇದ್ದರೆ ಸಾಕು. ಬೆಳಿಗ್ಗೆ ಗೇಟು ತೆರೆಯುತ್ತಲೇ ಒಳಗೆ ಹೋಗಿ, ಬಿಸಿಲು ನಿಮ್ಮ ಬೆನ್ನಿಗೆ ಬೀಳುವಂತೆ ಏರಿಯ ಮೇಲೆ ಜಾಗ ಹಿಡಿಯಿರಿ. ಎದುರು ಬೆಳಕಿಗೆ ಎಲ್ಲ ಬಾತುಗಳೂ ಕಪ್ಪು ಬಾತುಗಳೇ. ಒಂದೇ ಕಡೆ ಅರ್ಧ ಗಂಟೆ ಕುಳಿತರೆ ಹಾವಕ್ಕಿ ಮೀನು ಚುಚ್ಚಿ, ಮೇಲಕ್ಕೆಸೆದು ನುಂಗುವುದು ಕಾಣುತ್ತದೆ. ಚಳಿಗಾಲದಲ್ಲಿ ಹೊತ್ತೇರಿದ ಮೇಲೆ ಹೆಬ್ಬಾವುಗಳು ಬಿಲದ ಬಾಯಲ್ಲಿ ಬಿಸಿಲು ಕಾಯಿಸುತ್ತವೆ. ಫೋಟೊಕ್ಕಾಗಿ ಹತ್ತಿರ ಹೋಗಬೇಡಿ; ಬೆದರಿದರೆ ಮತ್ತೆ ಬಿಲ ಸೇರುತ್ತವೆ. ಸಾರಸ ಕೊಕ್ಕರೆಯ ಜೋಡಿ ಕಂಡರೆ ಅದೃಷ್ಟ. ಸೈಬೀರಿಯಾದ ಬಿಳಿ ಕ್ರೌಂಚವನ್ನು ಮಾತ್ರ ಕೇಳಬೇಡಿ. 2002ರ ಚಳಿಗಾಲದ ನಂತರ ಅದು ಇಲ್ಲಿಗೆ ಬಂದಿಲ್ಲ.

ಉದ್ಯಾನಕ್ಕೆ ಹೆಸರು ಕೊಟ್ಟ ಶಿವನ ಗುಡಿ ಒಳಗಡೆ ಇದೆ. ಅದರ ಬಳಿಯ ಕಲ್ಲಿನ ಫಲಕಗಳ ಮೇಲೆ ಬೇಟೆಯ ದಿನಾಂಕ, ಅತಿಥಿ, ಬಂದೂಕುಗಳ ಸಂಖ್ಯೆ, ಬಿದ್ದ ಹಕ್ಕಿಗಳ ಲೆಕ್ಕ ಕೆತ್ತಿದ್ದಾರೆ. 1938ರ ನವೆಂಬರ್ 12ರ ಸಾಲಿನಲ್ಲಿ ವೈಸರಾಯ್ ಲಿನ್ಲಿತ್‌ಗೋ ಹೆಸರಿದೆ, ಮುಂದೆ 4,273 ಎಂದಿದೆ. ಒಂದೇ ದಿನದ ಲೆಕ್ಕ. ಬುತ್ತಿ ಬಿಚ್ಚುವವರು ಫಲಕ ಓದುವ ಮೊದಲೇ ಉಂಡು ಮುಗಿಸಿ. ಕತ್ತಲಾಗುವ ಮುನ್ನ ಬೈಸಿಕಲ್ ಒಪ್ಪಿಸಬೇಕು. ಹಿಂದಿರುಗುವ ದಾರಿಯಲ್ಲೂ ಹಕ್ಕಿಗಳು ನಿಲ್ಲಿಸುತ್ತವೆ, ಅದಕ್ಕೂ ಸಮಯ ಇಟ್ಟುಕೊಂಡೇ ಹೊರಡಿ.