ಚಳಿಗಾಲದ ಮಳೆಗೂ ದೂರದ ಕಡಲಿಗೂ ನಂಟು ಇದೆಯೇ? ನೀವೇ ಪರೀಕ್ಷಿಸುವುದು ಹೀಗೆ

'ಈ ಸಲ ಎಲ್ ನಿನೊ, ಮಳೆ ಜಾಸ್ತಿ' ಎಂದು ಒಂದು ದೇಶದಲ್ಲಿ ಸುದ್ದಿ ಬರುತ್ತದೆ. ಅದೇ ದಿನ ಇನ್ನೊಂದು ದೇಶದಲ್ಲಿ 'ಎಲ್ ನಿನೊ, ಬರ ಖಚಿತ' ಎಂಬ ತಲೆಬರಹ. ಎರಡೂ ಕಡೆ ಸ್ವಲ್ಪ ನಿಜ ಇರುತ್ತದೆ, 'ಖಚಿತ' ಎಂಬ ಮಾತನ್ನು ಬಿಟ್ಟರೆ. ಎಲ್ ನಿನೊ ಎಂದರೆ ಪೆಸಿಫಿಕ್ ಸಾಗರದ ನಡುವೆ ನೀರು ವಾಡಿಕೆಗಿಂತ ಬಿಸಿಯಾಗುವುದು. ಹಾಗೆ ಒಂದೆರಡು ಡಿಗ್ರಿ ಬಿಸಿಯಾದರೆ ಸಾಕು, ಸಾವಿರಾರು ಕಿಲೋಮೀಟರ್ ಆಚೆ ಮಳೆಯ ಲೆಕ್ಕ ಬದಲಾಗುತ್ತದೆ. ಹವಾಮಾನದವರು ಇದನ್ನು ಟೆಲಿಕನೆಕ್ಷನ್ ಎನ್ನುತ್ತಾರೆ.

ಯಾವುದೇ ಪ್ರದೇಶದ ಚಳಿಗಾಲದ ಮಳೆಗೆ ಇಂಥ ನಂಟು ಇದೆಯೇ, ಇದ್ದರೆ ಎಷ್ಟು ಗಟ್ಟಿ ಎಂದು ನೋಡಲು ವಿಜ್ಞಾನಿಯೇ ಆಗಬೇಕಿಲ್ಲ. ಹಳೆಯ ಮಳೆ ಲೆಕ್ಕ, ಒಂದು ಕಂಪ್ಯೂಟರ್, ಒಂದು ಭಾನುವಾರ ಇದ್ದರೆ ಆಯಿತು.

ಹಂತ 1: ಮಳೆ ಬರುವ ದಾರಿ ಹುಡುಕಿ

ಎಲ್ಲರೂ ನೇರವಾಗಿ ಎಲ್ ನಿನೊಗೆ ಕೈಹಾಕುತ್ತಾರೆ. ಅದಕ್ಕೆ ಮೊದಲು ಕೇಳಬೇಕಾದ್ದು, ಆ ಜಾಗಕ್ಕೆ ಚಳಿಗಾಲದಲ್ಲಿ ಮಳೆ ತರುವುದು ಯಾವುದು?

ಸ್ಪೇನ್, ಪೋರ್ಚುಗಲ್‌ಗೆ ಅಟ್ಲಾಂಟಿಕ್ ಬಿರುಗಾಳಿಗಳು ಮಳೆ ತರುತ್ತವೆ. ಕ್ಯಾಲಿಫೋರ್ನಿಯಾಕ್ಕೆ ಪೆಸಿಫಿಕ್ ಕಡೆಯಿಂದ ಬರುವ ಬಿರುಗಾಳಿಗಳು, ಅವುಗಳ ಜೊತೆ ತೇವಾಂಶ ಹೊತ್ತು ಬರುವ ಉದ್ದನೆಯ ಪಟ್ಟಿಗಳು. ಕಾಶ್ಮೀರ, ಹಿಮಾಚಲ, ಪಂಜಾಬ್‌ಗೆ ಮೆಡಿಟರೇನಿಯನ್ ದಿಕ್ಕಿನಿಂದ ಪಶ್ಚಿಮದ ಗಾಳಿ ಹಿಡಿದು ಬರುವ, ವೆಸ್ಟರ್ನ್ ಡಿಸ್ಟರ್ಬೆನ್ಸ್ ಎಂಬ ಮಳೆ-ಹಿಮದ ಬಿರುಗಾಳಿಗಳು. ಅಲ್ಲಿನ ಗೋಧಿ ಬೆಳೆ ಇವುಗಳನ್ನೇ ಕಾಯುತ್ತಿರುತ್ತದೆ. ತಮಿಳುನಾಡಿಗೆ ಹಿಂಗಾರು, ಅಂದರೆ ಪೂರ್ವದ ಗಾಳಿ ಮತ್ತು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ. ಪಂಜಾಬ್ ಮತ್ತು ತಮಿಳುನಾಡು ಒಂದೇ ದೇಶದಲ್ಲಿದ್ದರೂ ಇವೆರಡರ ಮಳೆಗೆ ಸಂಬಂಧವೇ ಇಲ್ಲ. 'ಭಾರತದ ಚಳಿಗಾಲದ ಮಳೆ' ಎಂದು ಒಟ್ಟಿಗೆ ಸೇರಿಸಿ ಲೆಕ್ಕ ಹಾಕಿದರೆ ಏನೂ ಸಿಗುವುದಿಲ್ಲ.

ತಿಂಗಳುಗಳನ್ನೂ ಇಲ್ಲೇ ಗೊತ್ತು ಮಾಡಿಕೊಳ್ಳಿ. ಹಿಂಗಾರಿಗೆ ಅಕ್ಟೋಬರ್‌ನಿಂದ ಡಿಸೆಂಬರ್, ಸ್ಪೇನ್‌ಗೆ ಡಿಸೆಂಬರ್‌ನಿಂದ ಫೆಬ್ರವರಿ, ದಕ್ಷಿಣ ಆಸ್ಟ್ರೇಲಿಯಾಕ್ಕೆ ಜೂನ್‌ನಿಂದ ಆಗಸ್ಟ್.

ಹಂತ 2: ಸುದ್ದಿ ಅಷ್ಟು ದೂರ ಹೋಗುವುದು ಹೇಗೆ ಎಂದು ತಿಳಿದುಕೊಳ್ಳಿ

ಈ ಹಂತವನ್ನು ಹಾರಿಸಿ ಮುಂದೆ ಹೋಗುವ ಆಸೆ ಆಗುತ್ತದೆ. ಹೋಗಬೇಡಿ. ಕಾರಣ ಗೊತ್ತಿಲ್ಲದೆ ಬರೀ ಅಂಕಿ ತಾಳೆ ಹಾಕಲು ಕೂತರೆ ಕಾಕತಾಳೀಯವೆಲ್ಲ ನಿಯಮದಂತೆ ಕಾಣುತ್ತದೆ.

ಎಲ್ ನಿನೊ ವರ್ಷದಲ್ಲಿ ಪೆಸಿಫಿಕ್‌ನ ಬಿಸಿನೀರು ಪೂರ್ವಕ್ಕೆ ಸರಿಯುತ್ತದೆ. ಅದರ ಹಿಂದೆಯೇ ದೊಡ್ಡ ಗುಡುಗು ಮೋಡಗಳೂ ಸರಿಯುತ್ತವೆ. ಒಂದು ಕಿಲೋ ನೀರಾವಿ ಹನಿಯಾಗುವಾಗ ಸುಮಾರು 25 ಲಕ್ಷ ಜೂಲ್ ಶಾಖ ಹೊರಬರುತ್ತದೆ. ಸಾವಿರಾರು ಕಿಲೋಮೀಟರ್ ಹರಡಿದ ಮೋಡರಾಶಿಯಲ್ಲಿ ದಿನವಿಡೀ ಇದೇ ನಡೆಯುತ್ತಿದ್ದರೆ ಮೇಲಿನ ಗಾಳಿ ಸುಮ್ಮನಿರುತ್ತದೆಯೇ? ಅದು ಹೊರಕ್ಕೆ ನುಗ್ಗುತ್ತದೆ, ಸುಮಾರು 10 ಕಿ.ಮೀ. ಎತ್ತರದಲ್ಲಿ ಓಡುವ ಜೆಟ್ ಸ್ಟ್ರೀಮ್ ಎಂಬ ವೇಗದ ಗಾಳಿಯನ್ನು ಅಲುಗಿಸುತ್ತದೆ. ಹಗ್ಗದ ಒಂದು ತುದಿ ಜಗ್ಗಿದರೆ ಅಲೆ ಆ ತುದಿಗೆ ಓಡುವ ಹಾಗೆ, ಇಲ್ಲಿಂದ ಹೊರಟ ದೊಡ್ಡ ಅಲೆ ಖಂಡಗಳನ್ನು ದಾಟುತ್ತದೆ. ಇವೇ ರಾಸ್ಬಿ ಅಲೆಗಳು. ಕಾರ್ಲ್ ಗುಸ್ತಾಫ್ ರಾಸ್ಬಿ 1939ರಲ್ಲಿ ಇವುಗಳ ಲೆಕ್ಕ ಬಿಡಿಸಿದ್ದರು.

ಅಲೆಯ ಉಬ್ಬು ಕೂತ ಕಡೆ ಒತ್ತಡ ಹೆಚ್ಚು, ಬಿರುಗಾಳಿಗಳು ಸುತ್ತಿಕೊಂಡು ಹೋಗುತ್ತವೆ, ಒಣಹವೆ. ತಗ್ಗಿನ ಪೂರ್ವ ಮಗ್ಗುಲಲ್ಲಿ ಗಾಳಿ ಮೇಲೇಳುತ್ತದೆ, ಮಳೆ. ಒಂದೇ ಎಲ್ ನಿನೊ ಒಂದು ಕಡೆ ನೆರೆ, ಒಂದು ಕಡೆ ಬರ ತರುವುದು ಹೀಗೆ.

ಚಳಿಗಾಲದಲ್ಲೇ ಇದರ ಕೈ ಜಾಸ್ತಿ ಯಾಕೆ? ಆಗ ಸಮಭಾಜಕಕ್ಕೂ ಧ್ರುವಕ್ಕೂ ತಾಪಮಾನದ ಅಂತರ ದೊಡ್ಡದು, ಜೆಟ್ ಸ್ಟ್ರೀಮ್ ಬಲವಾಗಿರುತ್ತದೆ, ಅಲೆ ದೂರ ಹೋಗುತ್ತದೆ. ಎಲ್ ನಿನೊ ಉಚ್ಛ್ರಾಯಕ್ಕೆ ಬರುವುದೂ ಸಾಮಾನ್ಯವಾಗಿ ನವೆಂಬರ್‌ನಿಂದ ಜನವರಿಯೊಳಗೆ. ಉತ್ತರಾರ್ಧ ಗೋಳದಲ್ಲಿ ಎರಡೂ ಒಟ್ಟಿಗೆ ಕೂಡಿಬರುತ್ತವೆ.

ಎಲ್ಲ ನಂಟೂ ಕಡಲಿನ ಬಿಸಿಯಿಂದಲೇ ಶುರುವಾಗಬೇಕಿಲ್ಲ. ಐಸ್‌ಲ್ಯಾಂಡ್ ಬಳಿ ಕಡಿಮೆ ಒತ್ತಡ, ಅಜೋರ್ಸ್ ದ್ವೀಪಗಳ ಬಳಿ ಹೆಚ್ಚು ಒತ್ತಡ ಇರುವುದು ವಾಡಿಕೆ. ಈ ಎರಡರ ಅಂತರ ಏರಿಳಿಯುವುದನ್ನೇ ನಾರ್ತ್ ಅಟ್ಲಾಂಟಿಕ್ ಆಸಿಲೇಷನ್, ಚಿಕ್ಕದಾಗಿ ಎನ್‌ಎಒ, ಎನ್ನುತ್ತಾರೆ. ಅಂತರ ಹೆಚ್ಚಿದರೆ ಬಿರುಗಾಳಿಗಳು ಉತ್ತರ ಯುರೋಪಿನ ದಾರಿ ಹಿಡಿಯುತ್ತವೆ, ಸ್ಪೇನ್ ಒಣಗುತ್ತದೆ. ಕುಗ್ಗಿದರೆ ಉಲ್ಟಾ. 2009-10ರ ಚಳಿಗಾಲದಲ್ಲಿ ಎನ್‌ಎಒ ಪಾತಾಳಕ್ಕೆ ಇಳಿದಿತ್ತು. ಉತ್ತರ ಯುರೋಪ್ ಗಡಗಡ ನಡುಗಿತು, ಸ್ಪೇನ್ ಮತ್ತು ಪೋರ್ಚುಗಲ್‌ನಲ್ಲಿ ಮಳೆ ಬಿಡದೆ ಸುರಿಯಿತು.

ತಮಾಷೆ ನೋಡಿ, ಈ ಅಟ್ಲಾಂಟಿಕ್ ಏರಿಳಿತಕ್ಕೆ ಹೆಸರಿಟ್ಟವರು ಭಾರತದ ಮುಂಗಾರಿನ ಹಿಂದೆ ಬಿದ್ದಿದ್ದವರು. 1904ರಲ್ಲಿ ಇಲ್ಲಿನ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿ ಬಂದ ಗಿಲ್ಬರ್ಟ್ ವಾಕರ್, ಪ್ರಪಂಚದ ನಾನಾ ಕಡೆಯ ಒತ್ತಡ, ಮಳೆ, ತಾಪಮಾನಗಳನ್ನು ತಾಳೆ ಹಾಕಿಸಿದರು. ಕಂಪ್ಯೂಟರ್ ಇಲ್ಲ, ಎಲ್ಲ ಕೈಲೆಕ್ಕ. ಮುಂಗಾರಿನ ಗುಟ್ಟು ಪೂರ್ತಿ ಸಿಗಲಿಲ್ಲ, ಆದರೆ ಎನ್‌ಎಒ ಸಿಕ್ಕಿತು, ಎಲ್ ನಿನೊ ಜೊತೆ ಏರಿಳಿಯುವ ಸದರ್ನ್ ಆಸಿಲೇಷನ್, ಅಂದರೆ ಪೆಸಿಫಿಕ್‌ನ ಪೂರ್ವ-ಪಶ್ಚಿಮಗಳ ನಡುವಿನ ಗಾಳಿಯ ಒತ್ತಡದ ಏರಿಳಿತ ಕೂಡ ಸಿಕ್ಕಿತು. ಈ ಒತ್ತಡದ ಏರಿಳಿತಕ್ಕೂ ಎಲ್ ನಿನೊಗೂ ಗಂಟು ಹಾಕಿ ವಿವರಿಸಿದ್ದು 1969ರಲ್ಲಿ, ಹವಾಮಾನ ವಿಜ್ಞಾನಿ ಯಾಕೋಬ್ ಬ್ಯೆರ್ಕ್ನೆಸ್.

ಹಂತ 3: ಒಂದೋ ಎರಡೋ ಸೂಚ್ಯಂಕ ಆರಿಸಿ, ಹೆಚ್ಚು ಬೇಡ

ಎಲ್ ನಿನೊಗೆ ಒಎನ್‌ಐ (ಓಷನಿಕ್ ನಿನೊ ಇಂಡೆಕ್ಸ್) ಪಟ್ಟಿ ಸಾಕು. ಅಮೆರಿಕದ ಸಾಗರ-ಹವಾಮಾನ ಸಂಸ್ಥೆ ನೋವಾದ ಜಾಲತಾಣದಲ್ಲಿ 1950ರಿಂದ ಈಚಿನ ಅಂಕಿಗಳು ಪುಕ್ಕಟೆ ಸಿಗುತ್ತವೆ. ಮಧ್ಯ ಪೆಸಿಫಿಕ್‌ನ ಒಂದು ಚೌಕದಲ್ಲಿ ನೀರು ವಾಡಿಕೆಗಿಂತ ಎಷ್ಟು ಬಿಸಿ ಎಂಬುದರ ಮೂರು ತಿಂಗಳ ಸರಾಸರಿ ಅದು. 0.5 ಡಿಗ್ರಿ ಮೇಲಿದ್ದರೆ ಎಲ್ ನಿನೊ ಕಡೆ, ಮೈನಸ್ 0.5ರ ಕೆಳಗಿದ್ದರೆ ಅದರ ಉಲ್ಟಾ, ಅಂದರೆ ನೀರು ತಣ್ಣಗಾಗುವ ಲಾ ನಿನಾ ಕಡೆ.

ಯುರೋಪ್, ಮೆಡಿಟರೇನಿಯನ್ ಸುತ್ತಮುತ್ತ ಆದರೆ ಎನ್‌ಎಒ. ದಕ್ಷಿಣ ಭಾರತದ ಹಿಂಗಾರು, ಪೂರ್ವ ಆಫ್ರಿಕಾದ ಅಕ್ಟೋಬರ್-ಡಿಸೆಂಬರ್ ಮಳೆ, ದಕ್ಷಿಣ ಆಸ್ಟ್ರೇಲಿಯಾದ ಚಳಿಗಾಲ ಆದರೆ ಐಒಡಿಯನ್ನೂ (ಇಂಡಿಯನ್ ಓಷನ್ ಡೈಪೋಲ್) ನೋಡಿ. ಹಿಂದೂ ಮಹಾಸಾಗರದ ಪಶ್ಚಿಮ ತುದಿ ವಾಡಿಕೆಗಿಂತ ಬಿಸಿಯಾಗಿ, ಪೂರ್ವ ತುದಿ ವಾಡಿಕೆಗಿಂತ ತಣ್ಣಗಾದರೆ ಐಒಡಿ ಪ್ಲಸ್ ಎನ್ನುತ್ತಾರೆ.

ಹತ್ತು ಸೂಚ್ಯಂಕ ಇಟ್ಟುಕೊಂಡು ಹುಡುಕಿದರೆ ಒಂದಾದರೂ ತಾಳೆಯಾಗಿಯೇ ಆಗುತ್ತದೆ. ಅದನ್ನು ನಂಬಬೇಡಿ.

ಹಂತ 4: ಹಳೆಯ ಚಳಿಗಾಲಗಳನ್ನು ಗುಡ್ಡೆ ಹಾಕಿ

ಅಸಲಿ ಕೆಲಸ ಇದು. 42 ಚಳಿಗಾಲಗಳ ಮಳೆ ಲೆಕ್ಕ ನಿಮ್ಮ ಹತ್ತಿರ ಇದೆ ಎಂದುಕೊಳ್ಳೋಣ. ಮೊದಲು ಒಂದು ಎಚ್ಚರಿಕೆ. ಡಿಸೆಂಬರ್ 1997, ಜನವರಿ ಮತ್ತು ಫೆಬ್ರವರಿ 1998 ಸೇರಿ ಒಂದು ಚಳಿಗಾಲ. ಕ್ಯಾಲೆಂಡರ್ ವರ್ಷದಂತೆ ಕೂಡಿಸಿದರೆ ಒಂದು ಚಳಿಗಾಲದ ಬಾಲ ಇನ್ನೊಂದರ ತಲೆಗೆ ಅಂಟಿ ಎಲ್ಲ ಕೆಡುತ್ತದೆ.

ಮಳೆಯನ್ನು ಹೆಚ್ಚಿನಿಂದ ಕಡಿಮೆಗೆ ಜೋಡಿಸಿ. ಮೇಲಿನ 14 'ಹೆಚ್ಚು', ನಡುವಿನ 14 'ಸಾಧಾರಣ', ಕೊನೆಯ 14 'ಕಡಿಮೆ'. ಈಗ ಎಲ್ ನಿನೊ ಚಳಿಗಾಲಗಳನ್ನು ಗುರುತು ಮಾಡಿ. ಅವು 12 ಇವೆ ಎಂದಿಟ್ಟುಕೊಳ್ಳಿ. ಯಾವ ನಂಟೂ ಇಲ್ಲದಿದ್ದರೆ ಅದರಲ್ಲಿ ಮೂರರಲ್ಲೊಂದು ಪಾಲು, ಅಂದರೆ ಸುಮಾರು 4, 'ಹೆಚ್ಚು' ಗುಡ್ಡೆಗೆ ಬೀಳಬೇಕು.

ನಿಮಗೆ 6 ಸಿಕ್ಕಿತು. ಅರ್ಧಕ್ಕರ್ಧ! ಖುಷಿಪಡಬೇಡಿ. 42 ಚೀಟಿಗಳಲ್ಲಿ 14ಕ್ಕೆ 'ಹೆಚ್ಚು' ಎಂದು ಬರೆದು, ಕಲಸಿ, ಕಣ್ಣುಮುಚ್ಚಿ 12 ಎತ್ತಿ. ಹೀಗೆ ಸುಮ್ನೆ ಎತ್ತಿದರೂ ನೂರಕ್ಕೆ 14 ಸಲ 6 ಅಥವಾ ಹೆಚ್ಚು ಸಿಗುತ್ತದೆ. 7 ಅಥವಾ ಹೆಚ್ಚು ಸಿಗುವುದು ನೂರಕ್ಕೆ 4 ಸಲಕ್ಕೂ ಕಡಿಮೆ. 8 ಅಥವಾ ಹೆಚ್ಚು ಸಿಗುವುದು ನೂರಕ್ಕೆ ಒಂದು ಸಲವೂ ಇಲ್ಲ. ಹಾಗಾಗಿ 6 ಬಂದರೆ 'ಇರಬಹುದು', 8 ಬಂದರೆ 'ಇದೆ' ಎನ್ನಿ. ಲಾ ನಿನಾ ಗುಡ್ಡೆಯಲ್ಲಿ ಇದರ ಉಲ್ಟಾ ಕಂಡರೆ ಧೈರ್ಯ ಇನ್ನಷ್ಟು. ಹಂತ 2ರಲ್ಲಿ ಕಂಡ ಕಾರಣಕ್ಕೂ ಹೊಂದಿಕೊಂಡರೆ ಅಲ್ಲಿಗೆ ಬಿಡಿ, ನಂಟು ಸಿಕ್ಕಿತು.

ಹಂತ 5: ಸಿಕ್ಕಿದ್ದನ್ನು ಅವಕಾಶದ ಲೆಕ್ಕದಲ್ಲಿ ಓದಿ

12ರಲ್ಲಿ 8 ಎಂದರೆ ನಾಲ್ಕು ಸಲ ಕೈಕೊಟ್ಟಿದೆ ಎಂದೂ ಅರ್ಥ, ಅಲ್ವಾ? ಕ್ಯಾಲಿಫೋರ್ನಿಯಾ ಇದಕ್ಕೆ ಒಳ್ಳೆಯ ಪಾಠ. 1997-98ರ ಬಲವಾದ ಎಲ್ ನಿನೊ ಅಲ್ಲಿ ಧಾರಾಕಾರ ಸುರಿಸಿತು. 2015-16ರಲ್ಲಿ ಅಷ್ಟೇ ಬಲದ ಎಲ್ ನಿನೊ ಬಂದಾಗ ಎಲ್ಲರೂ ಅದನ್ನೇ ನಿರೀಕ್ಷಿಸಿದರು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ವಾಡಿಕೆಯಷ್ಟೂ ಮಳೆ ಬರಲಿಲ್ಲ. 2022-23ರಲ್ಲಿ ಲಾ ನಿನಾ, ಒಣಹವೆ ಎಂಬ ಅಂದಾಜು. ಡಿಸೆಂಬರ್ ಕೊನೆಯಿಂದ ಜನವರಿ ಮಧ್ಯದೊಳಗೆ ಒಂದರ ಹಿಂದೆ ಒಂದರಂತೆ ಒಂಬತ್ತು ತೇವಾಂಶದ ಪಟ್ಟಿಗಳು ಬಂದು ಅಪ್ಪಳಿಸಿದವು.

ಹಿಂಗಾರಿನಲ್ಲೂ ಇದೇ ಕಥೆ. ಎಲ್ ನಿನೊ ವರ್ಷದಲ್ಲಿ ಅದಕ್ಕೆ ಸಾಮಾನ್ಯವಾಗಿ ಬಲ ಹೆಚ್ಚು; ಚೆನ್ನೈ ಮುಳುಗಿದ 2015 ಅಂಥದ್ದೇ ವರ್ಷ. ಆದರೆ 2021ರಲ್ಲಿ ಲಾ ನಿನಾ ಇದ್ದೂ ದಕ್ಷಿಣದಲ್ಲಿ ಹಿಂಗಾರು ವಾಡಿಕೆಯನ್ನು ಎಷ್ಟೋ ಮೀರಿ ಸುರಿಯಿತು.

ಹವಾಮಾನ ಸಂಸ್ಥೆಗಳು ಋತುವಿನ ಮುನ್ಸೂಚನೆಯನ್ನು ಶೇಕಡಾವಾರು ಕೊಡುವುದು ಇದಕ್ಕೇ. 'ಹೆಚ್ಚು ಮಳೆಗೆ ಶೇ 45 ಅವಕಾಶ' ಎಂದರೆ ಸಾಮಾನ್ಯ ಶೇ 33ಕ್ಕಿಂತ ಒಂದಿಷ್ಟು ಮೇಲೆ, ಅಷ್ಟೆ. ಉಳಿದ ಶೇ 55 ಇನ್ನೂ ಎದುರು ಕೂತಿದೆ. ಬಿತ್ತನೆ, ಅಣೆಕಟ್ಟೆ, ವಿಮೆಯಂಥ ವಿಚಾರಗಳಲ್ಲಿ ಈ ಸಣ್ಣ ವಾಲುವಿಕೆಯೂ ಹತ್ತು ವರ್ಷದಲ್ಲಿ ಲಾಭ ತರುತ್ತದೆ. ಮುಂದಿನ ತಿಂಗಳ ಮದುವೆಗೆ ಶಾಮಿಯಾನ ಬೇಕೇ ಎಂದು ತೀರ್ಮಾನಿಸಲು ಇದು ಉಪಯೋಗಕ್ಕೆ ಬಾರದು.

ಹಂತ 6: ಋತು ಶುರುವಾದ ಮೇಲೆ ವಾರಕ್ಕೊಮ್ಮೆ ನೋಡಿ

ಎಲ್ ನಿನೊ ತಿಂಗಳುಗಟ್ಟಲೆ ನಿಲ್ಲುತ್ತದೆ. ಎನ್‌ಎಒ ಹಾಗಲ್ಲ, ಒಂದೆರಡು ವಾರದಲ್ಲೇ ಮಗುಚಿಕೊಳ್ಳಬಹುದು. ಇನ್ನೊಂದು ಎಂಜೆಒ, ಅಂದರೆ ಮ್ಯಾಡನ್-ಜೂಲಿಯನ್ ಆಸಿಲೇಷನ್. ಸಮಭಾಜಕದ ಉದ್ದಕ್ಕೂ ಪಶ್ಚಿಮದಿಂದ ಪೂರ್ವಕ್ಕೆ ಸಾಗುವ ಮೋಡ-ಮಳೆಯ ದೊಡ್ಡ ಗುಂಪು ಅದು. 30ರಿಂದ 60 ದಿನಕ್ಕೊಂದು ಸುತ್ತು. ರೋಲ್ಯಾಂಡ್ ಮ್ಯಾಡನ್ ಮತ್ತು ಪಾಲ್ ಜೂಲಿಯನ್ 1971ರಲ್ಲಿ ಇದನ್ನು ಗುರುತಿಸಿದರು. ಇದು ಹಿಂದೂ ಮಹಾಸಾಗರದ ಮೇಲಿದ್ದಾಗ ಆ ಭಾಗದಲ್ಲಿ ಮಳೆ ಚುರುಕಾಗುತ್ತದೆ, ದಾಟಿಹೋದ ಮೇಲೆ ಕೆಲವು ವಾರ ಸೊರಗುತ್ತದೆ.

ಆಸ್ಟ್ರೇಲಿಯಾ ಹವಾಮಾನ ಇಲಾಖೆಯ ಜಾಲತಾಣದಲ್ಲಿ ಎಂಜೆಒ ನಕ್ಷೆ ಇದೆ. ಎಂಟು ಭಾಗ ಮಾಡಿದ ಚೌಕ, ನಡುವೆ ಒಂದು ವೃತ್ತ, ಓಡಾಡುವ ಗೆರೆ. 2 ಮತ್ತು 3ನೇ ಭಾಗ ಹಿಂದೂ ಮಹಾಸಾಗರ. ಗೆರೆಯ ತುದಿ ವೃತ್ತದಿಂದ ದೂರ ಇದ್ದಷ್ಟೂ ಎಂಜೆಒ ಬಲವಾಗಿದೆ. ಒಳಗೇ ಸುತ್ತುತ್ತಿದ್ದರೆ ಅದಕ್ಕೆ ಕಸುವಿಲ್ಲ. ಆ ವಾರ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.