ಮುಂಬಯಿ ಫ್ಲ್ಯಾಟಿನಲ್ಲಿ ಗೌರಿ-ಗಣೇಶ: ತಯಾರಿಯಿಂದ ವಿಸರ್ಜನೆಯವರೆಗೆ

ಮುಂಬಯಿಗೆ ಹೊಸದಾಗಿ ಬಂದ ಕನ್ನಡದ ಮನೆಗಳಲ್ಲಿ ಗೊಂದಲ ಶುರುವಾಗುವುದು ಗಣೇಶನಿಂದಲ್ಲ, ಗೌರಿಯಿಂದ. ಇಲ್ಲಿನ ಕ್ಯಾಲೆಂಡರಿನಲ್ಲಿ ಭಾದ್ರಪದ ಶುಕ್ಲ ತದಿಗೆಯ ಚೌಕದಲ್ಲಿ ‘ಹರತಾಲಿಕಾ’ ಅಂತ ಅಚ್ಚಾಗಿರುತ್ತದೆ. ‘ಗೌರಿ’ ಅನ್ನುವ ಹೆಸರು ಕಾಣುವುದು ಚೌತಿ ಕಳೆದು ಕೆಲವು ದಿನಗಳ ಮೇಲೆ, ‘ಜ್ಯೇಷ್ಠಾ ಗೌರಿ ಆವಾಹನ’ ಎಂದು. ಅದು ಮರಾಠಿಗರ ಗೌರಿ. ಅನುರಾಧಾ ನಕ್ಷತ್ರದಲ್ಲಿ ಬಂದು, ಜ್ಯೇಷ್ಠಾದಲ್ಲಿ ಪೂಜೆಗೊಂಡು, ಮೂಲಾದಲ್ಲಿ ಹೊರಡುತ್ತಾಳೆ. ನಮ್ಮ ಸ್ವರ್ಣಗೌರಿ ವ್ರತ ಇರುವುದು ಹರತಾಲಿಕಾ ಎಂದು ಬರೆದ ದಿನವೇ. ನಮ್ಮಲ್ಲಿ ಗೌರಿ ತವರಿಗೆ ಬರುತ್ತಾಳೆ, ಮರುದಿನ ಮಗ ಅಮ್ಮನನ್ನು ಕರೆದುಕೊಂಡು ಹೋಗಲು ಬರುತ್ತಾನೆ. ಈ ಕ್ರಮ ತಪ್ಪಿದರೆ ಹಬ್ಬದ ಕಥೆಯೇ ತಲೆಕೆಳಗಾಗುತ್ತದೆ.

ಕೆಲವು ವರ್ಷ ತದಿಗೆ-ಚೌತಿ ಎರಡೂ ಒಂದೇ ದಿನ ಬೀಳುತ್ತವೆ. ಆಗ ಗೌರಿಯನ್ನು ಬೆಳಗ್ಗೆ ಬೇಗ ಕೂರಿಸಿ, ಗಣೇಶನನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಗಣೇಶ ಹುಟ್ಟಿದ್ದು ಮಧ್ಯಾಹ್ನ ಎಂಬ ನಂಬಿಕೆಯಿಂದ ಚೌತಿ ಮಧ್ಯಾಹ್ನಕ್ಕೆ ಇರುವ ದಿನವನ್ನೇ ಹಬ್ಬಕ್ಕೆ ಹಿಡಿಯುತ್ತಾರೆ. ಹಗಲನ್ನು ಐದು ಭಾಗ ಮಾಡಿದರೆ ನಡುವಿನ ಭಾಗ ಅದು, ಮುಂಬಯಿಯಲ್ಲಿ ಸುಮಾರು ಹನ್ನೊಂದೂವರೆಯಿಂದ ಎರಡರ ಒಳಗೆ. ಆರು ಗಂಟೆಗೇ ಎದ್ದು ಪ್ರತಿಷ್ಠಾಪನೆ ಮುಗಿಸುವ ಅವಸರ ಬೇಡ. ಆ ಹೊತ್ತನ್ನು ಅಡುಗೆಗೆ ಕೊಡಿ.

ಗೌರಿ ಹಬ್ಬಕ್ಕೆ ಇಲ್ಲಿ ಸಾಮಾನ್ಯವಾಗಿ ರಜೆ ಇರುವುದಿಲ್ಲ, ನಮ್ಮ ಬಗೆಯ ಮಣ್ಣಿನ ಗೌರಿ ಸಿಗುವುದೂ ಅಪರೂಪ. ಅಂಗಡಿಗಳಲ್ಲಿ ತೂಗುಹಾಕಿರುವ ಗೌರಿಯ ಮುಖವಾಡಗಳು ಜ್ಯೇಷ್ಠಾ ಗೌರಿಗೆ. ಹಾಗಾಗಿ ಕಲಶದ ಗೌರಿ ಅಥವಾ ಅರಿಶಿನದ ಗೌರಿಯೇ ಸಲೀಸು. ಅರಿಶಿನದ ಗೌರಿಗೆ 50 ಗ್ರಾಂ ಅರಿಶಿನ ಪುಡಿ, ಒಂದು ಚಮಚ ಗೋಧಿಹಿಟ್ಟು ಸಾಕು. ನೀರನ್ನು ಚಮಚದಲ್ಲಿ ಹನಿಹನಿಯಾಗಿ ಹಾಕುತ್ತಾ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ ಗೋಪುರದ ಆಕಾರ ಕೊಡಿ. ಬರೀ ಅರಿಶಿನವಾದರೆ ಒಣಗುವಾಗ ಬಿರುಕು ಬಿಡುತ್ತದೆ, ಗೋಧಿಹಿಟ್ಟು ಅದನ್ನು ಹಿಡಿದಿಡುತ್ತದೆ. ಹಿಂದಿನ ರಾತ್ರಿ ಮಾಡಿ ಫ್ಯಾನಿನ ಕೆಳಗಿಡಿ. ಡಬ್ಬಿಯಲ್ಲಿ ಮುಚ್ಚಿಟ್ಟರೆ ಈ ಊರಿನ ಮಳೆಗಾಲದ ತೇವಕ್ಕೆ ಬೂಷ್ಟು ಬರುತ್ತದೆ.

ಕೈಗೆ ಕಟ್ಟುವ ಗೌರಿ ದಾರಕ್ಕೆ ಹದಿನಾರು ಎಳೆ, ಹದಿನಾರು ಗಂಟು. ಬಿಳಿ ಹತ್ತಿ ನೂಲಿಗೆ ಅರಿಶಿನ ಹಚ್ಚಿ ಮಾಡಿಕೊಳ್ಳಿ, ಪೂಜೆ ಮಾಡಿ ಬಲಗೈಗೆ ಕಟ್ಟಿಕೊಳ್ಳಿ. ಗಂಟು ಹಾಕುತ್ತಾ ದಾರ ಗಿಡ್ಡವಾಗುತ್ತದೆ, ಅದಕ್ಕೆ ಮಣಿಕಟ್ಟಿನ ಸುತ್ತಳತೆಯ ಮೂರರಷ್ಟು ಉದ್ದ ಇಟ್ಟುಕೊಂಡೇ ಶುರುಮಾಡಿ.

ಬಾಗಿನಕ್ಕೆ ಮೊರ ಹುಡುಕುವಾಗ ದಾದರಿನ ಪೇಟೆಯಲ್ಲಿ ‘ಸೂಪ್’ ಎಂದು ಕೇಳಿ, ಬಿದಿರಿನದ್ದೇ ಬೇಕು ಅನ್ನಿ. ಪ್ಲಾಸ್ಟಿಕ್ಕಿನದನ್ನೂ ಮುಂದೆ ತಂದಿಡುತ್ತಾರೆ. ಬಾಳೆ ಎಲೆ, ವೀಳ್ಯದೆಲೆ, ನಮ್ಮ ಕಡೆಯಂತೆ ಕಟ್ಟಿದ ಮಲ್ಲಿಗೆಗೆ ಮಾಟುಂಗಾ ಮಾರುಕಟ್ಟೆಯೇ ಸರಿ. ಒಂದು ಬಾಗಿನಕ್ಕೆ ಎರಡು ಮೊರ: ಕೆಳಗೊಂದು, ಮುಚ್ಚಲು ಒಂದು. ತೊಳೆದು ಅರಿಶಿನ ಬಳಿದ ಮೊರ ಮಳೆಗಾಲದಲ್ಲಿ ಒಂದು ದಿನದಲ್ಲಿ ಒಣಗುವುದಿಲ್ಲ, ಮೂರು ದಿನ ಮೊದಲೇ ಕೈಹಾಕಿ. ಹಸಿ ಮೊರದಲ್ಲಿ ರವೆ ಸುರಿದರೆ ಸಂಜೆಗೆ ಗಂಟು ಗಂಟಾಗುತ್ತದೆ. ಅಕ್ಕಿ, ತೊಗರಿಬೇಳೆ, ಕಡಲೆಬೇಳೆ, ಹೆಸರುಬೇಳೆ, ರವೆ ತಲಾ ನೂರು ಗ್ರಾಂ ಚಿಕ್ಕ ಪೊಟ್ಟಣಗಳಲ್ಲಿ. ಜೊತೆಗೆ ಬೆಲ್ಲದ ಅಚ್ಚು, ತೆಂಗಿನಕಾಯಿ, ಹಣ್ಣು, ಎಲೆ-ಅಡಿಕೆ, ಅರಿಶಿನ-ಕುಂಕುಮ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ಕಾಡಿಗೆ, ರವಿಕೆ ಕಣ, ದಕ್ಷಿಣೆ. ಕಾಯಿಯನ್ನು ನಡುವೆ ಇಡಿ, ಅಂಚಿನಲ್ಲಿಟ್ಟರೆ ಕೊಡುವಾಗ ಮೊರ ಓಲಾಡುತ್ತದೆ. ಸೆರಗು ಹಿಡಿದೇ ಕೊಡುವುದು, ಸೆರಗು ಹಿಡಿದೇ ತೆಗೆದುಕೊಳ್ಳುವುದು.

ಒಂದು ಸೂಕ್ಷ್ಮ. ಅಂದು ಪಕ್ಕದ ಮನೆಯ ಮರಾಠಿ ಹೆಂಗಸರಿಗೆ ಹರತಾಲಿಕಾ ಉಪವಾಸ. ಶಿವನನ್ನು ವರಿಸಲು ಪಾರ್ವತಿ ಕಾಡಿನಲ್ಲಿ ಮರಳಿನ ಲಿಂಗ ಮಾಡಿ ಪೂಜಿಸಿದ ವ್ರತ ಅದು. ಕೆಲವರು ನೀರನ್ನೂ ಮುಟ್ಟುವುದಿಲ್ಲ. ಅರಿಶಿನ-ಕುಂಕುಮಕ್ಕೆ ಧಾರಾಳವಾಗಿ ಕರೆಯಿರಿ, ಆದರೆ ಹೋಳಿಗೆಯ ತಟ್ಟೆ ಹಿಡಿದು “ಒಂದು ತುತ್ತು ತಿನ್ನಿ ವಹಿನಿ” ಎಂದು ಇಕ್ಕಟ್ಟಿಗೆ ಸಿಕ್ಕಿಸಬೇಡಿ. ಕಾಯಿ, ಹಣ್ಣು ಕೊಟ್ಟು ಕಳಿಸಿ. ಅವರು ಬಿಡುವುದು ಮರುದಿನ ಬೆಳಗ್ಗೆ.

ಮೂರ್ತಿ ಕೊಳ್ಳುವಾಗ

ಮುಂಬಯಿಯ ಮೂರ್ತಿಗಳಲ್ಲಿ ಬಹಳಷ್ಟು ರಾಯಗಡ ಜಿಲ್ಲೆಯ ಪೇಣ್‌ನಿಂದ ಬರುತ್ತವೆ. ಮಣ್ಣಿನದಕ್ಕೆ ಇಲ್ಲಿ ‘ಶಾಡೂಚಾ ಗಣಪತಿ’ ಎನ್ನುತ್ತಾರೆ. ‘ಇಕೋ ಫ್ರೆಂಡ್ಲಿ’ ಎಂಬ ಚೀಟಿಯನ್ನು ನಂಬಬೇಡಿ, ಮೂರ್ತಿಯನ್ನು ಮೆಲ್ಲಗೆ ವಾಲಿಸಿ ಬುಡ ನೋಡಿ. ಶಾಡು ಬೂದು ಬಣ್ಣ, ಕೈಗೆ ಭಾರ; ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಅಚ್ಚ ಬಿಳಿ, ಟೊಳ್ಳು, ಹಗುರ. ಬಣ್ಣ ಹಚ್ಚದ ಕಡೆ ಒಂದು ಹನಿ ನೀರಿಟ್ಟು ಬೆರಳಿನಿಂದ ಉಜ್ಜಿದರೆ ಶಾಡು ಕೆಸರಾಗಿ ಅಂಟುತ್ತದೆ, ಪಿಒಪಿ ಜಗ್ಗುವುದಿಲ್ಲ. ಮನೆಗೆ ಒಂದಡಿಯ ಒಳಗಿನದು ಸಾಕು. ದೊಡ್ಡದು ತಂದವರು ಲಿಫ್ಟಿನ ಬಾಗಿಲಲ್ಲಿ ಪಡುವ ಪಾಡು ನೋಡುವಂತಿಲ್ಲ. ಹೊತ್ತು ತರುವಾಗ ಪೀಠ ಹಿಡಿಯಬೇಕು, ತೋಳಿಗೆ ಕೈಹಾಕಿದರೆ ಒಣ ಶಾಡು ಪಟ್ಟನೆ ಮುರಿಯುತ್ತದೆ. ಪ್ರತಿಷ್ಠೆಗೆ ಮುಂಚೆ ಬೆರಳೋ ಸೊಂಡಿಲ ತುದಿಯೋ ಬಿಟ್ಟರೆ ಒದ್ದೆ ಶಾಡು ಮೆತ್ತಿ ಕೂಡಿಸಬಹುದು. ಪ್ರಾಣಪ್ರತಿಷ್ಠೆ ಆಗುವವರೆಗೆ ಅದು ಬರೀ ಮಣ್ಣು, ಅಪಶಕುನದ ಮಾತು ಬೇಡ.

ಮಣೆಯ ಮೇಲೆ ಅಕ್ಕಿ ಹರಡಿ ಮೂರ್ತಿ ಇಡಿ. ಪ್ರತಿಷ್ಠೆಯಾದ ಮೇಲೆ ಸರಿಸುವಂತಿಲ್ಲ, ಆದ್ದರಿಂದ ಕಿಟಕಿಯ ಇರಚಲು, ಪರದೆ, ಫ್ಯಾನಿನ ಗಾಳಿ ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿ. ಮಂಟಪಕ್ಕೆ ಥರ್ಮಾಕೋಲ್ ಬೇಡ, ಮಹಾರಾಷ್ಟ್ರದಲ್ಲಿ ಅಲಂಕಾರದ ಥರ್ಮಾಕೋಲಿಗೆ 2018ರಿಂದ ನಿಷೇಧವಿದೆ. ಶಾಡು ಮೂರ್ತಿಗೆ ಪಂಚಾಮೃತ ಎರೆಯಬಾರದು. ಅಭಿಷೇಕ ಪಕ್ಕದಲ್ಲಿಟ್ಟ ಅಡಿಕೆಯ ಗಣಪತಿಗೋ ಬೆಳ್ಳಿಯದಕ್ಕೋ ಮಾಡಿ, ಮೂರ್ತಿಗೆ ಗರಿಕೆಯಿಂದ ನೀರು ಚಿಮುಕಿಸಿದರೆ ಸಾಕು.

ಗರಿಕೆ ಇಪ್ಪತ್ತೊಂದು ಕಟ್ಟು. ಅನಲಾಸುರನನ್ನು ನುಂಗಿದ ಗಣಪನ ಉರಿ ತಣಿದದ್ದು ಗರಿಕೆಯಿಂದ ಎಂಬುದು ಕಥೆ. ಮೂರು ಎಸಳು ಇರುವ ಎಳೆಯ ತುದಿಗಳನ್ನು ಆರಿಸಿ. ಇಪ್ಪತ್ತೊಂದು ಪತ್ರೆಯ ಕಟ್ಟು ಎಂದು ಮಾರುವುದರಲ್ಲಿ ಬಹುಪಾಲು ಕೈಗೆ ಸಿಕ್ಕ ಸೊಪ್ಪು. ಬಿಲ್ವ, ಎಕ್ಕ, ಬನ್ನಿ, ಉತ್ತರಾಣಿ, ದಾಳಿಂಬೆ, ಮಾವು, ಕಣಗಿಲೆ ಇಷ್ಟನ್ನು ಗುರುತು ಹಿಡಿದು ಕೊಂಡು, ಉಳಿದ ಹೆಸರುಗಳಿಗೆ ಗರಿಕೆ ಅಥವಾ ಅಕ್ಷತೆ ಹಾಕುವುದೇ ಮೇಲು. ಗಣೇಶನಿಗೆ ಸಲ್ಲದ ತುಳಸಿ ಈ ಒಂದು ದಿನ ಪತ್ರೆಗಳ ಸಾಲಿನಲ್ಲಿ ಸಲ್ಲುತ್ತದೆ. ಎಕ್ಕ, ಕಣಗಿಲೆ ವಿಷದ ಗಿಡಗಳು, ಮಕ್ಕಳ ಕೈಗೆ ಬಿಡಬೇಡಿ.

ಮೋದಕ

ನಮ್ಮ ಕರಿದ ಕಡುಬು ಎಲ್ಲರಿಗೂ ಬರುತ್ತದೆ. ಎಡವುವುದು ಹಬೆಯಲ್ಲಿ ಬೇಯಿಸುವ ಇಲ್ಲಿನ ಉಕಡೀಚೆ ಮೋದಕದಲ್ಲಿ. ಇಪ್ಪತ್ತೊಂದಕ್ಕೆ ಎರಡು ಲೋಟ ನುಣ್ಣನೆಯ ಅಕ್ಕಿಹಿಟ್ಟು, ಎರಡು ಲೋಟ ನೀರು, ಚಿಟಿಕೆ ಉಪ್ಪು, ಒಂದು ಚಮಚ ತುಪ್ಪ. ಹೂರಣಕ್ಕೆ ಎರಡೂವರೆ ಲೋಟ ಕಾಯಿತುರಿ, ಒಂದೂಕಾಲು ಲೋಟ ಬೆಲ್ಲ, ಏಲಕ್ಕಿ, ಹುರಿದ ಗಸಗಸೆ. ಹಿಟ್ಟು ಆಂಬೆಮೋಹರ್ ಅಥವಾ ಇಂದ್ರಾಯಣಿ ಅಕ್ಕಿಯದಾದರೆ ಜಿಗುಟು ಚೆನ್ನಾಗಿರುತ್ತದೆ. ಹಳೆಯ ಹಿಟ್ಟು ನೀರು ಹೆಚ್ಚು ಕುಡಿಯುತ್ತದೆ, ಅದಕ್ಕೆ ಕಾಲು ಲೋಟ ಬಿಸಿನೀರು ಪಕ್ಕಕ್ಕಿರಲಿ.

ಕುದಿವ ನೀರಿಗೆ ಹಿಟ್ಟು ಸುರಿದು, ಕಲಕಿ, ಒಲೆ ಆರಿಸಿ ಹತ್ತು ನಿಮಿಷ ಮುಚ್ಚಿಡಿ. ಕೈ ತಾಳುವಷ್ಟು ಬಿಸಿ ಇರುವಾಗಲೇ ನಾದಬೇಕು. ಒಂದು ಉಂಡೆಯನ್ನು ಅಂಗೈಯಲ್ಲಿ ಒತ್ತಿದಾಗ ಅಂಚು ಸೀಳದಿದ್ದರೆ ಹದ ಬಂತು. ಸೀಳಿದರೆ ಬೆರಳನ್ನು ನೀರಿಗದ್ದಿ ಇನ್ನೂ ಐದು ನಿಮಿಷ ನಾದಿ. ಹೂರಣ ಬಾಣಲೆಯ ಅಂಚು ಬಿಟ್ಟು ಒಟ್ಟುಗೂಡಿದ ಕೂಡಲೆ ಇಳಿಸಿ. ಬೇಗ ಇಳಿಸಿದರೆ ಬೆಲ್ಲದ ನೀರು ತಳ ಒಡೆದು ಸುರಿಯುತ್ತದೆ, ತಡವಾದರೆ ಆರಿದ ಮೇಲೆ ಪಾಕ ಕಲ್ಲಾಗುತ್ತದೆ. ಹಿಟ್ಟಿನ ಉಂಡೆಯನ್ನು ಒತ್ತಿ ಮಾಡುವ ಬಟ್ಟಲಿನ ಅಂಚು ತೆಳು, ತಳ ಕೊಂಚ ದಪ್ಪ ಇರಲಿ; ಹೂರಣ ತುಂಬಿ ಅಂಚು ಕೂಡಿಸಿ. ಹಬೆಗಿಡುವ ಮುನ್ನ ಪ್ರತಿಯೊಂದನ್ನೂ ತಣ್ಣೀರಿನಲ್ಲಿ ಅದ್ದಿ ತೆಗೆಯಿರಿ, ಮೇಲ್ಮೈ ಒಣಗಿ ಬಿರಿಯುವುದು ತಪ್ಪುತ್ತದೆ. ಬಾಳೆ ಎಲೆಯ ಮೇಲೆ, ಒಂದಕ್ಕೊಂದು ತಾಗದಂತೆ, ಹತ್ತು-ಹನ್ನೆರಡು ನಿಮಿಷ.

ಚೌತಿಯ ಚಂದ್ರ ಸೂರ್ಯ ಮುಳುಗಿದ ಮೇಲೆ ಒಂದೆರಡು ಗಂಟೆ ಮಾತ್ರ ಪಶ್ಚಿಮದಲ್ಲಿರುತ್ತಾನೆ. ಪಶ್ಚಿಮದ ಬಾಲ್ಕನಿಯ ಪರದೆ ಅಷ್ಟು ಹೊತ್ತು ಎಳೆದಿಟ್ಟರೆ ಆಯಿತು. ಕಂಡೇಬಿಟ್ಟರೆ ಶಮಂತಕೋಪಾಖ್ಯಾನ ಓದುವ ರೂಢಿ.

ವಿಸರ್ಜನೆ

ಒಂದೂವರೆ ದಿನ, ಐದು, ಏಳು, ಅನಂತ ಚತುರ್ದಶಿ: ಮನೆಯ ಪದ್ಧತಿ ಯಾವುದೋ ಅದು. ಫ್ಲ್ಯಾಟಿನಲ್ಲಿ ಇಬ್ಬರೇ ಇದ್ದು ಕೆಲಸಕ್ಕೂ ಹೋಗುವವರಿಗೆ ಒಂದೂವರೆ ದಿನವೇ ಒಳ್ಳೆಯದು, ಬೀಗ ಹಾಕಿದ ಮನೆಯಲ್ಲಿ ಗಣಪನನ್ನು ಒಂಟಿ ಬಿಡಬಾರದು ಅನ್ನುತ್ತಾರೆ. ಉತ್ತರಪೂಜೆ ಮಾಡಿ, ಮೊಸರವಲಕ್ಕಿ ನೈವೇದ್ಯ ಕೊಟ್ಟು, ಮೂರ್ತಿಯನ್ನು ಕೊಂಚ ಅಲುಗಿಸಿದರೆ ಹೊರಡಿಸಿದಂತೆ. ಗೌರಿಯನ್ನೂ ಜೊತೆಗೇ ಕಳಿಸಿ.

ಹಾರ, ಪತ್ರೆ, ಜರಿ ಎಲ್ಲ ಮೊದಲು ತೆಗೆಯಿರಿ. ಪಾಲಿಕೆಯ ಕೃತಕ ಕೊಳಗಳ ಪಟ್ಟಿ ಮತ್ತು ನಿಯಮ ವರ್ಷವರ್ಷಕ್ಕೆ ಬದಲಾಗುತ್ತದೆ, ಹಬ್ಬದ ವಾರದಲ್ಲಿ ವಾರ್ಡ್ ಕಚೇರಿಯದನ್ನೇ ನೋಡಿ. ಶಾಡು ಮೂರ್ತಿಗೆ ಮನೆಯ ಬಕೆಟ್ಟೇ ಸಾಕು: ಕಿರೀಟ ಮುಳುಗುವಷ್ಟು ನೀರು, ಒಂದು ರಾತ್ರಿ. ಕೈಯಿಂದ ಕಿವುಚಿ ಅವಸರಪಡಿಸಬೇಡಿ. ತಳದಲ್ಲಿ ಕೂತ ಮಣ್ಣನ್ನು ಕುಂಡಕ್ಕೆ ಹಾಕುವಾಗ ಮೂರು ಪಾಲು ತೋಟದ ಮಣ್ಣಿಗೆ ಒಂದು ಪಾಲು ಬೆರೆಸಿ. ಬರೀ ಶಾಡು ನೀರು ಬಸಿಯಲು ಬಿಡುವುದಿಲ್ಲ, ಬೇರು ಕೊಳೆಯುತ್ತದೆ. ಬೆಸಿನ್ನಿಗೆ ಮಾತ್ರ ಸುರಿಯಬೇಡಿ, ಪೈಪು ಕಟ್ಟಿಕೊಳ್ಳುತ್ತದೆ.

ಪಿಒಪಿ ಮೂರ್ತಿಯೇ ಬಂದಿದ್ದರೆ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು ಹೇಳಿಕೊಟ್ಟ ದಾರಿಯಿದೆ. ಮೂರ್ತಿಯ ತೂಕದಷ್ಟೇ ಅಮೋನಿಯಂ ಬೈಕಾರ್ಬೊನೇಟನ್ನು ಅದು ಮುಳುಗುವಷ್ಟು ನೀರಿನಲ್ಲಿ ಕರಗಿಸಿ, ಮೂರ್ತಿ ಇಟ್ಟು, ಎರಡು-ಮೂರು ದಿನ ಆಗಾಗ ಕದಡುತ್ತಿರಿ. ತಳದಲ್ಲಿ ಸುಣ್ಣದಂಥ ಕ್ಯಾಲ್ಸಿಯಂ ಕಾರ್ಬೊನೇಟ್ ಉಳಿಯುತ್ತದೆ, ಮೇಲಿನದು ಅಮೋನಿಯಂ ಸಲ್ಫೇಟ್ ನೀರು. ಅದು ಗೊಬ್ಬರ, ಚೆನ್ನಾಗಿ ತೆಳುಮಾಡಿ ಗಿಡಕ್ಕೆ ಹಾಕಬಹುದು. ಬಣ್ಣ ಕರಗುವುದಿಲ್ಲ, ಸೋಸಿ ತೆಗೆಯಬೇಕು. ಬಕೆಟ್ಟನ್ನು ಬಾಲ್ಕನಿಯಲ್ಲಿಡಿ, ಘಾಟು ಕಣ್ಣಲ್ಲಿ ನೀರು ತರಿಸುತ್ತದೆ. ಅನಿಲ ಏಳುತ್ತಲೇ ಇರುವುದರಿಂದ ಮುಚ್ಚಳ ಬಿಗಿದು ಹಾಕಬೇಡಿ, ತೆಳು ಬಟ್ಟೆ ಹೊದಿಸಿದರೆ ಸಾಕು.