ಮೊದಲು ನೀರು, ಆಮೇಲೆ ಮೀನು

ಹುಟ್ಟುಹಬ್ಬದ ಹಿಂದಿನ ದಿನ ಸಂಜೆ ಓಡಿಹೋಗಿ ಮೀನು ತರುವುದು, ಮುಂದಿನ ಭಾನುವಾರ ಅಳುವ ಮಗುವನ್ನು ಸಮಾಧಾನ ಮಾಡುವುದು. ಮುಂಬಯಿಯ ಮುಲುಂಡಿನ ನಮ್ಮ ಸೊಸೈಟಿಯಲ್ಲಿ ಮೂರು ಮನೆಗಳಲ್ಲಿ ಇದನ್ನು ನೋಡಿದ್ದೇನೆ. ಅದಕ್ಕೂ ಮೊದಲು ನಮ್ಮ ಮನೆಯಲ್ಲೇ ಆಯಿತು. ನಾವು ತಂದದ್ದು ಎರಡು ಗೋಲ್ಡ್‌ಫಿಶ್, ಒಂದು ದುಂಡು ಗಾಜಿನ ಬೋಗುಣಿ. ‘ಮೂರು ದಿನಕ್ಕೊಮ್ಮೆ ಪೂರ್ತಿ ನೀರು ಬದಲಿಸಿ, ಸಾಕು’ ಎಂದ ಅಂಗಡಿಯವನು. ಹಾಗೇ ಮಾಡಿದೆವು. ಆರನೇ ದಿನ ಬೆಳಿಗ್ಗೆ ಒಂದು ಮೀನು ಅಡ್ಡ ಮಲಗಿ ತೇಲುತ್ತಿತ್ತು, ಸಂಜೆಗೆ ಇನ್ನೊಂದು. ‘ನಾನು ಊಟ ಸರಿಯಾಗಿ ಹಾಕ್ಲಿಲ್ವಾ ಅಮ್ಮಾ?’ ಎಂದು ನಾಲ್ಕು ವರ್ಷದ ಮಗಳು ಕೇಳಿದಳು. ಪಾಪ, ಅವಳು ಎಲ್ಲ ಸರಿಯಾಗೇ ಮಾಡಿದ್ದಳು. ನೀರನ್ನು ತಯಾರು ಮಾಡದೆ ಮೀನು ತಂದವರು ನಾವು.

ಯಾವ ಸಾಕುಪ್ರಾಣಿ ಬೇಡ ಎಂದು ಮೊದಲು ನೋಡಿ

ಗಿಳಿ ಬೇಡವೇ ಬೇಡ. ಕೊರಳಲ್ಲಿ ಗುಲಾಬಿ ಪಟ್ಟಿ ಇರುವ ನಮ್ಮ ಹಸಿರು ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಬೆನ್ನ ಮೇಲೆ ನಕ್ಷತ್ರದ ಗೆರೆ ಇರುವ ಆಮೆಯೂ ಅಷ್ಟೇ. ಯಾರಾದರೂ ಗುಟ್ಟಾಗಿ ಮಾರಲು ಬಂದರೆ ಅಲ್ಲಿಂದ ಹೊರಡಿ.

ಕೆನ್ನೆಯಲ್ಲಿ ಕೆಂಪು ಪಟ್ಟಿ ಇರುವ ಪುಟ್ಟ ನೀರಾಮೆ ನೋಡಲು ಮುದ್ದಾಗಿರುತ್ತದೆ. ಆದರೆ ಅದು ಊಟದ ತಟ್ಟೆಯಷ್ಟು ಬೆಳೆದು ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ಅದರ ಮೈಯಿಂದ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಮಕ್ಕಳಿಗೆ ತಗಲುವ ಅಪಾಯವೂ ಇದೆ. ಐದು ವರ್ಷದ ಒಳಗಿನ ಮಕ್ಕಳಿರುವ ಮನೆಗೆ ಖಂಡಿತ ಬೇಡ. ಹ್ಯಾಮ್‌ಸ್ಟರ್ ಹಗಲೆಲ್ಲ ಮಲಗುತ್ತದೆ. ಮಗು ಎಬ್ಬಿಸಲು ಹೋದರೆ ಕಚ್ಚುತ್ತದೆ. ಮೊಲಕ್ಕೆ ಓಡಾಡಲು ಜಾಗ ಬೇಕು, ಮುಂಬಯಿಯ ಮೇ ತಿಂಗಳ ಸೆಕೆಯನ್ನು ಅದು ತಡೆಯುವುದಿಲ್ಲ. ಮಕ್ಕಳು ತಪ್ಪಾಗಿ ಎತ್ತಿದರೆ ಬೆನ್ನುಮೂಳೆಗೇ ಪೆಟ್ಟಾಗಬಹುದು.

ಅಂಗಡಿಗಳಲ್ಲಿ ಲವ್ ಬರ್ಡ್ಸ್ ಎಂದು ಕರೆಯುವ ಬಜರಿಗರ್ ಹಕ್ಕಿಗಳು ಆಸ್ಟ್ರೇಲಿಯಾ ಮೂಲದವು. ಅವನ್ನು ಸಾಕಬಹುದು. ಆದರೆ ಅಡುಗೆಮನೆ ಹಾಲ್‌ಗೆ ಅಂಟಿಕೊಂಡೇ ಇರುವ ಒಂದು ಬೆಡ್‌ರೂಮಿನ ಮನೆಗೆ ನಾನು ಹೇಳುವುದಿಲ್ಲ. ನಾನ್‌ಸ್ಟಿಕ್ ದೋಸೆ ಕಾವಲಿ ಮರೆತು ಜಾಸ್ತಿ ಕಾದರೆ ಬರುವ ಹೊಗೆ ಹಕ್ಕಿಗಳನ್ನು ಕೆಲವೇ ನಿಮಿಷದಲ್ಲಿ ಕೊಲ್ಲುತ್ತದೆ.

ಹಾಗಾಗಿ ನನ್ನ ಮಾತು ಇಷ್ಟು: ಚಿಕ್ಕ ಮಕ್ಕಳ ಮನೆಗೆ ಒಂದು ಫೈಟರ್ ಮೀನು. ಒಂದೇ ಒಂದು. ಎರಡು ಗಂಡು ಫೈಟರ್ ಇಟ್ಟರೆ ಕಾದಾಡಿ ಸಾಯುತ್ತವೆ. ಇದು ಬೆಚ್ಚಗಿನ ನೀರಿನ ಮೀನು, ಮೇಲೆ ಬಂದು ಗಾಳಿ ಕುಡಿಯಬಲ್ಲದು, ಸುಮಾರು ಮೂರು ವರ್ಷ ಬದುಕುತ್ತದೆ. ನಮ್ಮ ನಲ್ಲಿಯ ನೀರು ತಾನ್ಸಾ, ಭಾತ್ಸಾ, ವೈತರಣಾ ಜಲಾಶಯಗಳಿಂದ ಬರುವ ಮಳೆನೀರು. ಅದು ಮೆದುವಾದ ನೀರು, ಫೈಟರ್‌ಗೆ ಹಿಡಿಸುತ್ತದೆ. ಗೋಲ್ಡ್‌ಫಿಶ್ ಸುಲಭ ಎನ್ನುವುದು ಸುಳ್ಳು. ಅದು ಗೇಣುದ್ದ ಬೆಳೆಯುತ್ತದೆ, ತುಂಬ ಗಲೀಜು ಮಾಡುತ್ತದೆ.

ಸಾಮಾನು ತನ್ನಿ

20–25 ಲೀಟರಿನ ಚೌಕ ಗಾಜಿನ ಟ್ಯಾಂಕ್, ಮುಚ್ಚಳ, ಸ್ಪಂಜ್ ಫಿಲ್ಟರ್, ಗಾಳಿ ಪಂಪು, ಸಣ್ಣ ಜಲ್ಲಿ, ನಲ್ಲಿ ನೀರಿನ ಕ್ಲೋರಿನ್ ತೆಗೆಯುವ ಆ್ಯಂಟಿ ಕ್ಲೋರಿನ್ ಬಾಟಲಿ, ಅಮೋನಿಯಾ ಮತ್ತು ನೈಟ್ರೈಟ್ ಅಳೆಯುವ ಕಿಟ್. ಕ್ರಾಫರ್ಡ್ ಮಾರ್ಕೆಟ್‌ನಲ್ಲಿ ಎಲ್ಲ ಸಿಗುತ್ತದೆ. ಆದರೆ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಅವತ್ತೇ ಮೀನು ಕೊಡಿಸದೆ ಮನೆಗೆ ಬರಲು ಆಗುವುದಿಲ್ಲ.

ಪ್ಲಾಸ್ಟಿಕ್ ಗಿಡ ಕೊಳ್ಳಬೇಡಿ, ಅದರ ಚೂಪು ಅಂಚಿಗೆ ಫೈಟರ್‌ನ ರೆಕ್ಕೆ ಹರಿಯುತ್ತದೆ. ‘ಟ್ಯಾಂಕ್ ಕ್ಲೀನ್ ಮಾಡುತ್ತದೆ’ ಎಂದು ಒಂದು ಕಪ್ಪು ಸಕ್ಕರ್ ಮೀನನ್ನು ಜೊತೆಗೆ ಕಟ್ಟಿಕೊಡುತ್ತಾರೆ. ಅದು ಒಂದು ಅಡಿಗೂ ಜಾಸ್ತಿ ಬೆಳೆಯುವ ಮೀನು. ಆಮೇಲೆ ಜನ ಅದನ್ನು ಕೆರೆಗೆ ಬಿಡುತ್ತಾರೆ, ಕೆರೆಯ ಮೀನುಗಳಿಗೆ ಅದೇ ಕಂಟಕ.

ನೀರು ಪಳಗಿಸಿ

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಮೀನಿನ ಹೊಲಸು, ತಿನ್ನದೆ ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ನೀರು ಸ್ಫಟಿಕದ ಹಾಗೆ ಇದ್ದರೂ ಮೀನಿನ ಕಿವಿರು ಸುಡುತ್ತಿರುತ್ತದೆ. ಈ ಅಮೋನಿಯಾವನ್ನು ತಿಂದು ನೈಟ್ರೈಟ್ ಮಾಡುವ ಒಂದು ಬಗೆಯ ಬ್ಯಾಕ್ಟೀರಿಯಾ ಇದೆ. ನೈಟ್ರೈಟ್ ಕೂಡ ವಿಷವೇ. ಅದನ್ನು ನೈಟ್ರೇಟ್ ಮಾಡುವುದು ಇನ್ನೊಂದು ಬಗೆ. ನೈಟ್ರೇಟ್ ಸ್ವಲ್ಪ ಇದ್ದರೆ ಮೀನಿಗೆ ತೊಂದರೆ ಇಲ್ಲ. ಈ ಎರಡು ಬಗೆಯ ಬ್ಯಾಕ್ಟೀರಿಯಾ ಸ್ಪಂಜಿನಲ್ಲಿ, ಜಲ್ಲಿಯಲ್ಲಿ ಮನೆ ಮಾಡಲು ನಾಲ್ಕರಿಂದ ಆರು ವಾರ ಬೇಕು. ದೋಸೆ ಹಿಟ್ಟು ಹುದುಗಲು ರಾತ್ರಿಯೆಲ್ಲ ಬಿಡುತ್ತೇವೆ ಅಲ್ವಾ? ಇಲ್ಲಿ ಆ ರಾತ್ರಿ ಒಂದು ತಿಂಗಳು.

ಟ್ಯಾಂಕನ್ನು ನೇರ ಬಿಸಿಲು ಬೀಳದ ಕಡೆ, ಗಟ್ಟಿ ಮೇಜಿನ ಮೇಲಿಡಿ. ನೀರೇ 25 ಕಿಲೋ ಇರುತ್ತದೆ. ಟಿವಿ ಸ್ಟ್ಯಾಂಡ್ ಬೇಡ. ತೊಳೆದ ಜಲ್ಲಿ ಹಾಕಿ, ನಲ್ಲಿ ನೀರು ತುಂಬಿಸಿ, ಬಾಟಲಿಯ ಮೇಲೆ ಬರೆದಷ್ಟು ಆ್ಯಂಟಿ ಕ್ಲೋರಿನ್ ಹಾಕಿ. ‘ಆರ್‌ಒ ನೀರು ಇನ್ನೂ ಶುದ್ಧ ಅಲ್ವಾ’ ಎಂದು ಅದನ್ನು ತುಂಬಿಸಬೇಡಿ. ಅದರಲ್ಲಿ ಮೀನಿಗೆ ಬೇಕಾದ ಖನಿಜ ಉಳಿದಿರುವುದಿಲ್ಲ. ಪಂಪು ಹಗಲು ರಾತ್ರಿ ಓಡಲಿ.

ಈಗ, ಮೀನಿಲ್ಲದ ಟ್ಯಾಂಕಿಗೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ. ಇದನ್ನು ಮಗುವಿನ ಕೈಯಲ್ಲೇ ಮಾಡಿಸಿ. ಅದು ಕೊಳೆತು ಅಮೋನಿಯಾ ಆಗಲಿ, ಬ್ಯಾಕ್ಟೀರಿಯಾಕ್ಕೆ ಅದೇ ಊಟ. ಮೊದಲ ವಾರ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗಬಹುದು. ಹೆದರಿ ಚೆಲ್ಲಬೇಡಿ, ತಾನೇ ತಿಳಿಯಾಗುತ್ತದೆ. ವಾರಕ್ಕೆರಡು ಸಲ ಕಿಟ್‌ನಲ್ಲಿ ಪರೀಕ್ಷೆ ಮಾಡಿ. ಮೊದಲು ಅಮೋನಿಯಾ ಏರುತ್ತದೆ, ಅದು ಇಳಿಯುವಾಗ ನೈಟ್ರೈಟ್ ಏರುತ್ತದೆ. ದಿನಾ ಆಹಾರ ಹಾಕುತ್ತಿದ್ದರೂ ಎರಡೂ ಸೊನ್ನೆಗೆ ಬಂದು ಒಂದು ವಾರ ಅಲ್ಲೇ ನಿಂತರೆ ನೀರು ತಯಾರು. ನಾವು ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೆರೆ ಎಳೆದೆವು. 34ನೇ ಗೆರೆಗೆ ನಮ್ಮ ನೀರು ಸಿದ್ಧವಾಯಿತು.

ಬೇಗ ಆಗಲು ಒಂದೇ ಒಳ್ಳೆಯ ದಾರಿ ಇದೆ. ಗೆಳೆಯರ ಮನೆಯಲ್ಲಿ ಚೆನ್ನಾಗಿ ನಡೆಯುತ್ತಿರುವ ಟ್ಯಾಂಕ್ ಇದ್ದರೆ, ಅವರ ಹಳೆಯ ಸ್ಪಂಜಿನ ಒಂದು ತುಂಡನ್ನು ಅದೇ ಟ್ಯಾಂಕಿನ ನೀರಲ್ಲಿ ಮುಳುಗಿಸಿ ತಂದು ನಿಮ್ಮ ಟ್ಯಾಂಕಿಗೆ ಹಾಕಿ. ಬ್ಯಾಕ್ಟೀರಿಯಾ ಅದರಲ್ಲಿ ಆಗಲೇ ಇರುತ್ತದೆ. ‘ಇದನ್ನು ಹಾಕಿ, ಇವತ್ತೇ ಮೀನು ಬಿಡಿ’ ಎಂದು ಮಾರುವ ದ್ರವಗಳನ್ನು ನಂಬಿ ದುಡ್ಡು ಸುರಿಯಬೇಡಿ.

ಮೀನು ತನ್ನಿ

ರೆಕ್ಕೆ ಬಿಚ್ಚಿರಬೇಕು, ಮೈಮೇಲೆ ಬಿಳಿ ಚುಕ್ಕಿ ಇರಬಾರದು, ಗಾಜಿಗೆ ಬೆರಳು ಹಿಡಿದರೆ ತಿರುಗಿ ನೋಡಬೇಕು. ಮನೆಗೆ ತಂದು ಚೀಲವನ್ನು ಟ್ಯಾಂಕಿನಲ್ಲಿ 15 ನಿಮಿಷ ತೇಲಿಬಿಡಿ. ಆಮೇಲೆ ಐದೈದು ನಿಮಿಷಕ್ಕೆ ಅರ್ಧ ಲೋಟ ಟ್ಯಾಂಕಿನ ನೀರು ಚೀಲಕ್ಕೆ ಸೇರಿಸಿ. ಕೊನೆಗೆ ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಬಿಡಿ, ಅಂಗಡಿಯ ನೀರು ಬೇಡ. ನೀರಿಗೂ ಮುಚ್ಚಳಕ್ಕೂ ಎರಡು ಬೆರಳು ಅಂತರ ಇರಲಿ, ಫೈಟರ್ ಉಸಿರಾಡುವುದು ಅಲ್ಲಿಂದ. ಮುಚ್ಚಳ ಇಲ್ಲದಿದ್ದರೆ ಹಾರಿ ನೆಲಕ್ಕೆ ಬೀಳುತ್ತದೆ.

ದಿನದ ಕೆಲಸ

ಮೀನಿನ ಆಹಾರ ಬೆಳಿಗ್ಗೆ ಎರಡು ಕಾಳು, ಸಂಜೆ ಎರಡು ಕಾಳು. ಎಣಿಸಿ ಹಾಕುವುದು ಮಗುವಿನ ಕೆಲಸ, ಡಬ್ಬಿ ಎತ್ತಿಡುವುದು ನಿಮ್ಮದು. ಟ್ಯಾಂಕಿಗೆ ಕೈ ಹಾಕಿದ ಮೇಲೆ ಸೋಪಿನಲ್ಲಿ ಕೈ ತೊಳೆಸಿ. ವಾರಕ್ಕೊಮ್ಮೆ ಕಾಲುಭಾಗ ನೀರು ತೆಗೆದು, ಕ್ಲೋರಿನ್ ಹೋಗಿಸಿದ ಹೊಸ ನೀರು ತುಂಬಿಸಿ. ಸ್ಪಂಜನ್ನು ಯಾವತ್ತೂ ನಲ್ಲಿ ಕೆಳಗೆ ತೊಳೆಯಬೇಡಿ. ಒಂದು ತಿಂಗಳು ಕಾದು ಬೆಳೆಸಿದ ಬ್ಯಾಕ್ಟೀರಿಯಾ ಕ್ಲೋರಿನ್‌ಗೆ ಸಾಯುತ್ತದೆ. ಹೊರಗೆ ತೆಗೆದ ಟ್ಯಾಂಕ್ ನೀರಲ್ಲೇ ಹಿಂಡಿ. ಡಿಸೆಂಬರ್, ಜನವರಿಯಲ್ಲಿ ನೀರು 24 ಡಿಗ್ರಿಗಿಂತ ಕೆಳಗಿಳಿದರೆ ಸಣ್ಣ ಹೀಟರ್ ಹಾಕಿ.

ಒಂದು ದಿನ ನೀರಿನ ಮೂಲೆಯಲ್ಲಿ ಸಣ್ಣ ಸಣ್ಣ ಗುಳ್ಳೆಗಳ ನೊರೆ ಕಾಣಬಹುದು. ನಮ್ಮ ಅತ್ತೆ ಅದನ್ನು ಕೊಳೆ ಎಂದು ಚಮಚದಲ್ಲಿ ತೆಗೆಯಲು ಹೋಗಿದ್ದರು. ಅದು ಗಂಡು ಫೈಟರ್ ಮೊಟ್ಟೆಗಳಿಗೆಂದು ಬಾಯಿಂದ ಗುಳ್ಳೆ ಬಿಟ್ಟು ಕಟ್ಟುವ ಗೂಡು. ಹೆಣ್ಣು ಇಲ್ಲದಿದ್ದರೂ ಕಟ್ಟುತ್ತದೆ. ಮಗುವನ್ನು ಸ್ಟೂಲ್ ಮೇಲೆ ನಿಲ್ಲಿಸಿ ತೋರಿಸಿ.

ಮೇ ತಿಂಗಳಲ್ಲಿ ಊರಿಗೆ ಹೋಗುವಾಗ

ನಮ್ಮವರೆಲ್ಲ ರಜೆಗೆ ಮತ್ಸ್ಯಗಂಧ ರೈಲು ಹತ್ತುವವರೇ. ಪಕ್ಕದ ಮನೆಯವರ ಕೈಗೆ ಡಬ್ಬಿ ಕೊಟ್ಟು ಹೋಗಬೇಡಿ. ಪ್ರೀತಿಯಿಂದಲೇ ಜಾಸ್ತಿ ಹಾಕಿಬಿಡುತ್ತಾರೆ, ಅದು ಕೊಳೆತು ಮತ್ತೆ ಅಮೋನಿಯಾ. ನಾನು ಪೇಪರಿನಲ್ಲಿ ಮೂರು ಮೂರು ಕಾಳಿನ ಪುಡಿಕೆ ಕಟ್ಟಿ, ಒಂದೊಂದರ ಮೇಲೂ ತಾರೀಕು ಬರೆದು, ಎದುರು ಮನೆಯ ಕಾಕೂಗೆ ಕೊಡುತ್ತೇನೆ. ದಿನ ಬಿಟ್ಟು ದಿನ ಒಂದು, ನಾಲ್ಕು ವಾರಕ್ಕೆ 14 ಪುಡಿಕೆ. ಜೊತೆಗೆ ಕ್ಲೋರಿನ್ ತೆಗೆದ ನೀರಿನ ಎರಡು ಕ್ಯಾನ್, ಟ್ಯಾಂಕಿನ ನೀರು ಇಂಗಿದಂತೆ ಸೇರಿಸಲು. ಹೊರಡುವ ಹಿಂದಿನ ದಿನ ಕಾಲುಭಾಗ ನೀರು ಬದಲಿಸಿ, ಬಂದ ದಿನ ಮತ್ತೆ ಕಾಲುಭಾಗ. ಆಹಾರದ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ ಹೋಗಿ.